ತೆರೆದಿಟ್ಟ ಪಾಯ

ನಾನು ಬಾಡಿಗೆಗಿದ್ದ ಮನೆ ಕಾರ್ಖಾನೆಯೊಂದರಲ್ಲಿ ಎರಡು ತುಂಡುಗಳಾಗಿ ತಯಾರಾಗಿ, ಲಾರಿಯ ಮೇಲೆ ಬಂದು, ಕ್ರೇನಿನಿಂದ ಇಳಿದು, ನೆಲದ ಮೇಲೆ ಒಂದಾದದ್ದು. ಲೈಡನ್ ನಗರದಿಂದ ಸೈಕಲ್ಲಿನಲ್ಲಿ ಮೂವತ್ತೈದು ನಿಮಿಷ. ಹಳ್ಳಿಯ ಅಂಚಿನಲ್ಲಿ, ಕಾಲುವೆಯ ಪಕ್ಕಕ್ಕೆ, ಅಂಥ ಆರು ಮನೆಗಳಿದ್ದವು. ಮರದ ಗೋಡೆ, ತಗಡಿನ ಚಾವಣಿ, ಒಂದೇ ಮಲಗುವ ಕೋಣೆ, ಒಲೆಯ ಮುಂದೆ ನಿಂತರೆ ಸ್ವಲ್ಪ ತಗ್ಗುವ ನೆಲ. ಮನೆಯ ತಳಕ್ಕೂ ಭೂಮಿಗೂ ನಡುವೆ ಒಂದೂವರೆ ಅಡಿ ಖಾಲಿ ಜಾಗವಿತ್ತು. ಅದನ್ನು ಮರೆಮಾಡಲು ಸುತ್ತಲೂ ಹೊಡೆದಿದ್ದ ಹಲಗೆಗಳು ಕೊಳೆತು ಅಲ್ಲಲ್ಲಿ ಬಿದ್ದುಹೋಗಿದ್ದವು.

ಆ ದೇಶಕ್ಕೆ ಓದಲು ಬಂದು ಏಳು ವರ್ಷವಾಗಿತ್ತು. ಅಷ್ಟರಲ್ಲಿ ನಾನು ಎಂಟು ವಿಳಾಸಗಳಲ್ಲಿ ಇದ್ದೆ. ಎಲ್ಲ ಕಡೆಯೂ ಅಡುಗೆಮನೆ ಇನ್ನೊಬ್ಬರದ್ದಾಗಿತ್ತು, ಇಲ್ಲವೇ ಸ್ನಾನದ ಮನೆ. ಈ ಮನೆಗೆ ಬಂದ ಮೊದಲ ದಿನ ಬಾಗಿಲು ಹಾಕಿಕೊಂಡು ಸುಮ್ಮನೆ ಕುಳಿತೆ. ಇನ್ನು ಯಾರ ಹೆಜ್ಜೆಯ ಸದ್ದನ್ನೂ ಲೆಕ್ಕ ಹಾಕಬೇಕಿಲ್ಲ ಅನ್ನಿಸಿತು. ಇದಕ್ಕಿಂತ ಹೆಚ್ಚಿನ ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮನೆಯೊಡತಿಗೆ ಎಂಬತ್ತರ ಮೇಲೆ ವಯಸ್ಸು. ಆ ಜನವರಿಯಲ್ಲಿ ಅವರು ವೃದ್ಧರ ಆರೈಕೆ ಕೇಂದ್ರಕ್ಕೆ ಹೋದರು. ಮಾರ್ಚ್ ಕೊನೆಯಲ್ಲಿ, ಕೊರೊನಾ ಸೋಂಕಿಗೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅವರ ಮಗ ಫೋನು ಮಾಡಿದ. ಮನೆಯನ್ನು ಮಾರುತ್ತಿದ್ದೇವೆ, ಅಮ್ಮ ಮೊದಲು ನಿಮ್ಮನ್ನು ಕೇಳು ಎಂದಿದ್ದಾಳೆ ಎಂದ. ಮೇ ತಿಂಗಳ ಕೊನೆಯವರೆಗೆ ಕಾಯುತ್ತೇವೆ. ಅಷ್ಟರಲ್ಲಿ ಸಾಲ ಮಂಜೂರಾಗದಿದ್ದರೆ, ಕೈಯಲ್ಲಿ ಹಣ ಹಿಡಿದುಕೊಂಡು ಬಂದಿರುವ ಇನ್ನೊಬ್ಬನಿದ್ದಾನೆ. ಅವನು ಪ್ರವಾಸಿಗರಿಗೆ ವಾರದ ಬಾಡಿಗೆಗೆ ಕೊಡುವವನು. ಆಗ ನೀವು ಬೇರೆ ಮನೆ ನೋಡಿಕೊಳ್ಳಬೇಕಾಗುತ್ತದೆ. ಮಾತು ಒರಟಾಗಿರಲಿಲ್ಲ, ಸ್ಪಷ್ಟವಾಗಿತ್ತು.

ಬ್ಯಾಂಕಿನ ಸಲಹೆಗಾರ್ತಿ ತಮ್ಮ ಮನೆಯ ಊಟದ ಮೇಜಿನಿಂದಲೇ ವಿಡಿಯೋದಲ್ಲಿ ಮಾತಾಡಿದರು. ನನ್ನ ಸಂಬಳ, ನೌಕರಿಯ ಕರಾರು, ವಾಸದ ಪರವಾನಗಿ ಎಲ್ಲ ಸರಿಯಿದ್ದವು. ತೊಡಕಿದ್ದದ್ದು ಮನೆಯಲ್ಲೇ.

"ನಾಳೆ ಯಾರಾದರೂ ಕ್ರೇನ್ ತಂದು ಎತ್ತಿಕೊಂಡು ಹೋಗಬಹುದು ಅನ್ನೋ ಹಾಗಿದ್ದರೆ, ನಮ್ಮ ಪಾಲಿಗೆ ಅದು ಮನೆ ಅಲ್ಲ, ಸಾಮಾನು," ಎಂದರು. "ಸಾಮಾನಿಗೆ ನಾವು ಮೂವತ್ತು ವರ್ಷದ ಗೃಹಸಾಲ ಕೊಡೋದಿಲ್ಲ. ಅದು ಶಾಶ್ವತ ತಳಪಾಯದ ಮೇಲೆ ಕೂತಿದೆ, ಆ ತಳಪಾಯ ಗಟ್ಟಿ ನೆಲಕ್ಕೆ ಮುಟ್ಟಿದೆ ಅಂತ ಪರಿಶೀಲಕರು ಬರೆದುಕೊಡಬೇಕು."

ಗದಗಿನಲ್ಲಿ ನನ್ನ ಅಬ್ಬಾ ಗೌಂಡಿ. ನಲವತ್ತು ವರ್ಷ ಬೇರೆಯವರ ಮನೆಗಳನ್ನು ಕಟ್ಟಿದವರು. ಮನೆಯಲ್ಲಿ ನಾವು ದಖನಿ ಆಡುತ್ತೇವೆ. ಆದರೆ ಕೆಲಸದ ಮಾತು ಬಂದರೆ ಅಬ್ಬಾ ತಮಗೆ ಗೊತ್ತಿಲ್ಲದೆಯೇ ಕನ್ನಡಕ್ಕೆ ತಿರುಗುತ್ತಾರೆ. ಅವರ ಗಾರೆ, ಕಲ್ಲು, ಕೂಲಿಯವರು, ಮನೆ ಕಟ್ಟಿಸುವವರು ಎಲ್ಲ ಕನ್ನಡದಲ್ಲೇ ಇದ್ದವರು. ಚಿಕ್ಕವಳಿದ್ದಾಗ ಬುತ್ತಿ ಕೊಡಲು ಹೋದಾಗಲೆಲ್ಲ ಅವರು ನನ್ನ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನೂ ಕೆಲಸದ ಆಳು ಎಂಬಂತೆ ನನಗೆ ಹೆಮ್ಮೆಯಾಗುತ್ತಿತ್ತು.

ಆ ದಿನಗಳಲ್ಲಿ ಅಲ್ಲಿಯೂ ಎಲ್ಲ ಬಂದ್ ಆಗಿತ್ತು. ಅಬ್ಬಾ ಜೀವನದಲ್ಲಿ ಮೊದಲ ಬಾರಿ ಮನೆಯಲ್ಲಿ ಕುಳಿತಿದ್ದರು. ಅವರಿಗೆ ಸಾಲದ ಸುದ್ದಿ ಹೇಳಿದೆ. ಬಡ್ಡಿಯ ಸಾಲವನ್ನು ಅವರು ತಮ್ಮ ಬದುಕಿನಲ್ಲಿ ಮುಟ್ಟಿದವರಲ್ಲ. ನಮ್ಮ ಮನೆ ಎದ್ದಿದ್ದೇ ಹನ್ನೊಂದು ವರ್ಷಗಳಲ್ಲಿ, ಕೈಗೆ ಬಂದಷ್ಟು ದುಡ್ಡಿಗೆ ಬಂದಷ್ಟು ಗೋಡೆ. ಪಾಯ ಹಾಕಿ ಮೂರು ವರ್ಷ ಹಾಗೇ ಬಿಟ್ಟಿದ್ದರು. ನಾವು ಮಕ್ಕಳು ಅದರ ಮೇಲೆ ಓಡಾಡಿ, ಇದು ನನ್ನ ಕೋಣೆ, ಇದು ನಿನ್ನದು ಎಂದು ಜಗಳವಾಡುತ್ತಿದ್ದೆವು.

ಅಬ್ಬಾ ಮೊದಲು ದಖನಿಯಲ್ಲಿ ಹೇಳಿದರು: ಸಾಲದ ಮಾತು ನನ್ನ ಕೇಳಬೇಡ, ಅದನ್ನು ದೇವರ ಹತ್ತಿರ ನೀನೇ ಹೇಳಿಕೋ. ಆಮೇಲೆ ಕನ್ನಡಕ್ಕೆ ಬಂದರು. "ಪಾಯದ ಮಾತು ಕೇಳು. ಬುಡ ತೋರ್ಸು."

ನಾನು ಹೊರಗೆ ಹೋಗಿ ಮಂಡಿಯೂರಿ, ಫೋನನ್ನು ಬಿದ್ದ ಹಲಗೆಗಳ ನಡುವೆ ಹಿಡಿದೆ.

"ಇದೇನ ಬೇಟಿ, ಮನಿ ಗಾಳಿಯೊಳಗ ನಿಂತೈತಿ! ಕೋಳಿಗೂಡು ಇಟ್ಟಂಗ ಇಟ್ಟಾರ."

"ಒಳಗ ಕಾಂಕ್ರೀಟ್ ತೊಲಿ ಅದಾವ್ರಿ ಅಬ್ಬಾ. ಕತ್ತಲಾಗೈತಿ, ಕಾಣಂಗಿಲ್ಲ."

"ಗಟ್ಟಿ ನೆಲ ಎಷ್ಟು ಅಡಿಗೆ ಸಿಗತೈತಿ ಅಲ್ಲೆ?"

"ನಲವತ್ತು ಅಡಿ ಅಂತಾರ್ರಿ. ಅಲ್ಲೀತನಕ ಬರೇ ಕೆಸರು, ಕೊಳೆತ ಹುಲ್ಲು, ನೀರು."

"ನಲವತ್ತ!" ಅವರು ಫೋನನ್ನು ಅಮ್ಮಿಯ ಕಡೆ ತಿರುಗಿಸಿದರು. "ಕೇಳಿದೇನ? ನಲವತ್ತು ಅಡಿ ಅಂತ. ಅದು ಪಾಯ ಅಲ್ಲ, ಬಾವಿ."

ಮರುದಿನ ಬೆಳಿಗ್ಗೆ ಅವರೇ ಫೋನು ಮಾಡಿದರು. ರಾತ್ರಿಯಿಡೀ ಯೋಚನೆ ಮಾಡಿದ್ದರೆಂದು ಧ್ವನಿಯಲ್ಲೇ ಗೊತ್ತಾಯಿತು. ಬ್ಯಾಂಕಿನವರು ಬಂದು ನೋಡುವಾಗ ಮನೆ ಹೀಗೆ ಕಾಲು ಬಿಟ್ಟುಕೊಂಡು ನಿಂತಿರಬಾರದು. ಸುತ್ತಲೂ ಒಂದೂವರೆ ಅಡಿ ಗೋಡೆ ಏರಿಸಿ ಬುಡ ಮುಚ್ಚಬೇಕು. ಆಗ ಅದು ನೆಲದಿಂದ ಎದ್ದ ಮನೆಯಂತೆ ಕಾಣುತ್ತದೆ. ಆಳು ಹಿಡಿದರೆ ಎಷ್ಟಾಗುತ್ತದೆ ಎಂದು ಕೇಳಿದರು. ಹೇಳಿದೆ. ಅದನ್ನು ರೂಪಾಯಿಗೆ ತಿರುಗಿಸಿ ಕೇಳಿ, ನಕ್ಕರು.

"ನೀ ಕಟ್ಟು. ನಾ ಹೇಳ್ತೇನಿ."

ಅಬ್ಬಾ ಹಾಗೆಂದದ್ದು ಯಾಕೆಂದು ಈಗ ನನಗೆ ಅರ್ಥವಾಗುತ್ತದೆ. ಅವರ ಊರಲ್ಲಿ ಪಾಯ ಕಂಡ ಮನೆಗೆ ಮರ್ಯಾದೆ ಇರಲಿಲ್ಲ. ಮಳೆಗೆ ಮಣ್ಣು ಕೊಚ್ಚಿಹೋಗಿ ಯಾರದಾದರೂ ಮನೆಯ ಬುಡದ ಕಲ್ಲು ಕಂಡರೆ, ಅದು ತಾವು ಕಟ್ಟಿದ ಮನೆಯಲ್ಲದಿದ್ದರೂ, ದಾರಿಯಲ್ಲಿ ನಿಂತು ಕಾಲಿನಿಂದ ಮಣ್ಣು ಸರಿಸಿ ಮುಚ್ಚಿ ಹೋಗುತ್ತಿದ್ದರು. ಆದರೆ ಮುಚ್ಚುವ ಮೊದಲು ಅವರದೊಂದು ಪದ್ಧತಿ ಇತ್ತು. ಪಾಯ ತೋಡಿ, ತಳದ ಮೊದಲ ಕಲ್ಲುಗಳನ್ನು ಕೂರಿಸಿದ ಮೇಲೆ, ಒಂದು ಪೂರ್ತಿ ದಿನ ಅದನ್ನು ತೆರೆದಿಡಬೇಕು. ಮನೆ ಕಟ್ಟಿಸುವವರು ಎಷ್ಟೇ ಅವಸರ ಮಾಡಲಿ, ಅವರು ಒಪ್ಪುತ್ತಿರಲಿಲ್ಲ. ಆ ದಿನ ಓಣಿಯವರೆಲ್ಲ ಬಂದು ನೋಡುತ್ತಿದ್ದರು. ಕೆಲವರ ಮನೆಯದಾದರೆ ತೆಂಗಿನಕಾಯಿ, ಕೆಲವರದಾದರೆ ಸಕ್ಕರೆ ಇಟ್ಟು ಫಾತಿಹಾದ ಪ್ರಾರ್ಥನೆ, ಎಲ್ಲರಿಗೂ ಪೇಢೆ. ಮುದುಕರು ಕೋಲಿನಿಂದ ತಳ ಕುಟ್ಟಿ ನೋಡುತ್ತಿದ್ದರು. ಮರುದಿನ ಮುಚ್ಚಿಬಿಟ್ಟರೆ ಮುಗಿಯಿತು, ಮತ್ತೆ ಆ ಪಾಯದ ಮಾತು ಯಾರೂ ಎತ್ತುವಂತಿಲ್ಲ.

ನಾನು ಒಡತಿಗೆ ಫೋನು ಮಾಡಿ ಅನುಮತಿ ಕೇಳಿದೆ. ಕೊಳೆತ ಹಲಗೆ ತೆಗೆದರೆ ಒಳ್ಳೆಯದೇ, ನಿನಗೆ ಸರಿಕಂಡಂತೆ ಮಾಡು ಎಂದರು. ಕಟ್ಟಡ ಸಾಮಾನಿನ ಅಂಗಡಿಗಳು ತೆರೆದೇ ಇದ್ದವು. ಒಂದೂವರೆ ಮೀಟರ್ ದೂರದ ಗೆರೆಗಳ ಮೇಲೆ ತಳ್ಳುಗಾಡಿ ಹಿಡಿದು ಸಾಲು ನಿಂತೆ. ನನ್ನ ಹಿಂದೆ ಮುಂದೆ ಇದ್ದವರೆಲ್ಲ ಬಣ್ಣದ ಡಬ್ಬಿ, ಹೂವಿನ ಕುಂಡ ಹಿಡಿದಿದ್ದರು. ಕಾಂಕ್ರೀಟ್ ಬ್ಲಾಕುಗಳನ್ನು ಅಂಗಡಿಯವರೇ ಲಾರಿಯಲ್ಲಿ ತಂದು ರಸ್ತೆಯ ಅಂಚಿಗೆ ಇಳಿಸಿ ಹೋದರು.

ಎರಡು ವಾರ ಹಿಡಿಯಿತು. ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ವಾರದಲ್ಲಿ ಎರಡೇ ದಿನ ಹೋಗಲು ಅನುಮತಿ ಇತ್ತು. ಉಳಿದ ದಿನಗಳಲ್ಲಿ ಬೆಳಿಗ್ಗೆ ಆರಕ್ಕೆ ಎದ್ದು, ಫೋನನ್ನು ಬಕೆಟ್ಟಿನ ಮೇಲೆ ಒರಗಿಸಿ ಕೆಲಸ ಶುರು ಮಾಡುತ್ತಿದ್ದೆ. ಅಬ್ಬಾ ಅಲ್ಲಿ ಊಟಕ್ಕೆ ಮೊದಲಿನ ಹೊತ್ತೆಲ್ಲ ಗೋಡೆಗೊರಗಿ ಕುಳಿತು ನನ್ನ ಕೈಗಳನ್ನೇ ನೋಡುತ್ತಿದ್ದರು. ಮನೆಯ ಸುತ್ತ ಹಾಸಿದ್ದ ಚಪ್ಪಡಿಗಳ ಮೇಲೆ ದಾರ ಕಟ್ಟಿಸಿದರು. ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುವುದನ್ನು ಕಲಿಸಿದರು.

"ಮಾಲು ತೆಳ್ಳಗಾತು. ಚಾ ಮಾಡಾಕತ್ತೀಯೋ, ಗ್ವಾಡಿ ಕಟ್ಟಾಕತ್ತೀಯೋ?"

"ಅಳತಿ ಪ್ರಕಾರನ ಹಾಕೇನ್ರಿ ಅಬ್ಬಾ."

"ಅಳತಿ ಕೈಗೆ ಗೊತ್ತಾಗಬೇಕು. ಕರಣಿ ಹೊಳ್ಳಿಸಿ ಹಿಡಿ. ಬೀಳಲಿಲ್ಲಂದ್ರ ಬರೋಬ್ಬರಿ."

ಗಾರೆ ಎತ್ತಿ ಬಳಿಯುವ ಕರಣಿಯನ್ನು ತಲೆಕೆಳಗು ಮಾಡಿದೆ. ಸಿಮೆಂಟಿನ ಮಾಲು ಜಾರಿ ನನ್ನ ಬೂಟಿನ ಮೇಲೆ ಬಿತ್ತು. ಹಿಂದಿನಿಂದ ಅಮ್ಮಿಯ ಧ್ವನಿ ಕೇಳಿಸಿತು. ಅಬ್ಬಾರನ್ನು ಅಣಕಿಸಲೆಂದೋ ಏನೋ, ಅವರೂ ಗೌಂಡಿಯ ಕನ್ನಡದಲ್ಲೇ ಹೇಳಿದರು: "ಮೆಹಂದಿ ಹಚ್ಚೋ ಕೈಗೆ ಸಿಮೆಂಟ್ ಹಚ್ಚಸಾಕತ್ತಾರ ನೋಡು ನಿಮ್ಮ ಅಬ್ಬಾ. ನಾಳೆ ಯಾರರ ಹೆಣ್ಣು ನೋಡಾಕ ಬಂದ್ರ ಕೈ ಹಿಂದ ಕಟ್ಕೊಂಡು ಕೂಡ್ರಬೇಕಾಗತೈತಿ."

"ವಿಮಾನ ಎಲ್ಲಾ ಬಂದ್ ಅದಾವ, ಯಾರೂ ಬರಂಗಿಲ್ಲ ಬಿಡು," ಎಂದರು ಅಬ್ಬಾ. "ಬರೂದರೊಳಗ ಕೈ ತೊಳಕೊಂತಾಳ."

ಕಟ್ಟಿದ ಭಾಗಕ್ಕೆ ಏಳು ದಿನ, ದಿನಕ್ಕೆ ಎರಡು ಸಲ ನೀರು ಹಾಕಬೇಕೆಂದು ಹೇಳಿದರು. ಗೋಣಿಚೀಲ ಅಲ್ಲಿ ಸಿಗಲಿಲ್ಲ. ಹಳೆಯ ಟವೆಲ್ಲುಗಳನ್ನು ನೆನೆಸಿ ಗೋಡೆಯ ಮೇಲೆ ಹಾಸಿದೆ. ಆ ವಸಂತದಲ್ಲಿ ಒಂದು ಹನಿ ಮಳೆ ಬೀಳಲಿಲ್ಲ. ಪಕ್ಕದ ಮನೆಯ ನಿವೃತ್ತ ಬಸ್ ಚಾಲಕ ಬೇಲಿಯಾಚೆ ನಿಂತು ಮೂರು ದಿನ ನೋಡಿದ. ನಾಲ್ಕನೆಯ ದಿನ ಕೇಳಿಯೇಬಿಟ್ಟ.

"ಅದು ಬೆಳೆಯುತ್ತಾ?"

"ಇಲ್ಲ. ನೀರು ಕುಡಿದರೆ ಗಟ್ಟಿಯಾಗುತ್ತೆ."

"ನಾನು ಹುಟ್ಟಿದಾಗಿನಿಂದ, ಸಮುದ್ರಕ್ಕಿಂತ ತಗ್ಗಿನಲ್ಲಿರೋ ಈ ಊರಿನ ನೀರು ಹೊರಗೆ ಹಾಕೋಕೆ ತೆರಿಗೆ ಕಟ್ಟುತ್ತಾ ಇದ್ದೇನೆ. ನೀವು ಮತ್ತೆ ಒಳಗೆ ಹಾಕ್ತಾ ಇದ್ದೀರಿ." ಅವನು ನಗಲಿಲ್ಲ. ಆದರೆ ಮರುದಿನ ಬೇಲಿಯ ಮೇಲೆ ನಾಲ್ಕು ಹಳೆಯ ಟವೆಲ್ಲುಗಳನ್ನು ಮಡಿಸಿ ಇಟ್ಟಿದ್ದ.

ಗೋಡೆ ಮುಗಿದ ದಿನ ಅಬ್ಬಾ ನನ್ನನ್ನು ಮನೆಯ ಸುತ್ತ ಫೋನು ಹಿಡಿದು ಮೂರು ಸುತ್ತು ನಡೆಸಿದರು. ಮೂಲೆಗಳಲ್ಲಿ ನಿಲ್ಲಿಸಿ ಹತ್ತಿರ ಹಿಡಿ ಎಂದರು. ಎರಡು ಕಡೆ ಸಂದು ದಪ್ಪವಾಗಿದೆ ಎಂದರು, ಸರಿ ಎನ್ನಲಿಲ್ಲ. ಅವರು ಯಾರಿಗೂ ಹಾಗೆ ಹೇಳಿದ್ದು ನಾನು ಕೇಳಿಲ್ಲ. "ಈಗ ಮನಿ ಆತು" ಎಂದಷ್ಟೇ ಅಂದರು.

ಪರಿಶೀಲಕ ಮೇ ಮೊದಲ ವಾರ ಬಂದ. ಎತ್ತರದ, ನಿಧಾನದ ಮನುಷ್ಯ, ಕೈಯಲ್ಲಿ ದೊಡ್ಡ ಬ್ಯಾಟರಿ. ನಾನು ನಿಯಮದಂತೆ ದೂರದಲ್ಲಿ, ಸೇಬಿನ ಗಿಡದ ಹತ್ತಿರ ನಿಂತಿದ್ದೆ. ಅವನು ಮನೆಯ ಸುತ್ತ ಒಂದು ಸುತ್ತು ಬಂದ. ಮತ್ತೊಂದು ಸುತ್ತು ಬಂದ. ಒಳಗೆ ಹೋಗಿ ನೆಲದಲ್ಲಿ ಎಲ್ಲಾದರೂ ಮುಚ್ಚಳವಿದೆಯೇ ನೋಡಿದ. ಇರಲಿಲ್ಲ.

"ಕೆಳಗೆ ಇಳಿಯೋ ದಾರಿ ಎಲ್ಲಿ?"

"ಮೊದಲು ಹಲಗೆಗಳಿದ್ದವು. ಅವನ್ನು ತೆಗೆದು ಗೋಡೆ ಕಟ್ಟಿದ್ದೇವೆ."

"ಯಾರು ಕಟ್ಟಿದ್ದು?"

"ನಾನು."

ಅವನು ಬಗ್ಗಿ ಒಂದು ಸಂದನ್ನು ಉಗುರಿನಿಂದ ಕೆರೆದು ನೋಡಿದ. "ಚೆನ್ನಾಗಿ ಕಟ್ಟಿದ್ದೀರಿ. ತೊಂದರೆ ಇರೋದೇ ಅದು. ಒಂದು ಬೆರಳು ಹೋಗೋಷ್ಟು ಸಂದಿ ಇಲ್ಲ. ನಾನು ನೋಡದೇ ಇರೋದನ್ನು ನೋಡಿದೆ ಅಂತ ಬರೆಯೋ ಹಾಗಿಲ್ಲ." ಎದ್ದು ನಿಂತು ಹೇಳಿದ: "ಇನ್ನೊಂದು. ಕೆಳಗೆ ಒದ್ದೆ ನೆಲ, ಮೇಲೆ ಮರದ ಮನೆ. ಗಾಳಿ ಆಡದೇ ಇದ್ದರೆ ಹತ್ತು ವರ್ಷದಲ್ಲಿ ಮನೆಯ ತಳದ ಮರದ ತೊಲೆಗಳು ಕೊಳೆಯುತ್ತವೆ."

ನನ್ನ ಕೆಲಸವೇ ಜೀವಕೋಶಗಳನ್ನು ಬೆಳೆಸುವ ಪೆಟ್ಟಿಗೆಗಳ ತೇವಾಂಶವನ್ನು ದಿನಕ್ಕೆ ಮೂರು ಸಲ ಬರೆದಿಡುವುದು. ಮುಚ್ಚಿದ ಜಾಗದಲ್ಲಿ ತೇವ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಕೆಟ್ಟಿಗೊರಗಿದ ಫೋನಿನಲ್ಲಿ ಅಬ್ಬಾ ಮಾತಾಡುತ್ತಿದ್ದಾಗ ಅದು ನನಗೆ ಹೊಳೆಯಲೇ ಇಲ್ಲ. ಕಲ್ಲಿನ ಮನೆಗೆ ಸರಿಯಾದದ್ದನ್ನು ಅವರು ಹೇಳಿದ್ದರು. ಮರದ ಮನೆಯ ಮಾತನ್ನು ನಾನು ಹೇಳಬೇಕಿತ್ತು.

ಒಂದು ವಾರ ಬಿಟ್ಟು ಮತ್ತೆ ಬರುತ್ತೇನೆ, ಎರಡು ಕಡೆ ಮನುಷ್ಯ ನುಸುಳುವಷ್ಟು ತೆಗೆದಿಡಿ ಎಂದು ಅವನು ಹೋದ.

ರಮಜಾನ್ ನಡೆಯುತ್ತಿತ್ತು. ಅಲ್ಲಿ ಮೇ ತಿಂಗಳ ಉಪವಾಸ ಹದಿನೇಳು ಗಂಟೆಗಿಂತ ಉದ್ದ. ಶನಿವಾರ ಬೆಳಿಗ್ಗೆ, ಬಾಯಿ ಒಣಗುವ ಮೊದಲೇ ಮುಗಿಸೋಣವೆಂದು, ಸುತ್ತಿಗೆ ಮತ್ತು ಉಳಿ ಹಿಡಿದು ಹಿಂಬದಿಯ ಗೋಡೆಯ ಮುಂದೆ ಕುಳಿತೆ. ಅಬ್ಬಾರಿಗೆ ಹೇಳಿರಲಿಲ್ಲ. ಹೇಳಬಾರದೆಂದೇ ತೀರ್ಮಾನಿಸಿದ್ದೆ. ಆ ದೇಶದಲ್ಲಿ ಅವರು ಕಟ್ಟಿದ್ದು ಅದೊಂದೇ, ಅದೂ ನನ್ನ ಕೈಯಿಂದ. ಮೊದಲ ಏಟಿಗೆ ಏನೂ ಆಗಲಿಲ್ಲ. ಸಂದಿನಲ್ಲಿ ಉಳಿ ಇಟ್ಟು ಹೊಡೆದೆ, ಸಂದು ಬಿಡಲಿಲ್ಲ. ಬ್ಲಾಕಿನ ಮಧ್ಯಕ್ಕೆ ಹೊಡೆದಾಗ ಬ್ಲಾಕು ಸೀಳಿತು. ಬಸ್ ಚಾಲಕ ಬೇಲಿಯ ಆಚೆ ಬಂದು ನಿಂತ. ಎಂಟು ಬ್ಲಾಕು ತೆಗೆಯಲು ಮಧ್ಯಾಹ್ನವಾಯಿತು.

ಪರಿಶೀಲಕ ಮತ್ತೆ ಬಂದು, ಹೊಟ್ಟೆಯ ಮೇಲೆ ಮಲಗಿ ಒಳಗೆ ತೆವಳಿದ. ಬಹಳ ಹೊತ್ತು ಅವನ ಬೂಟುಗಳಷ್ಟೇ ಕಾಣುತ್ತಿದ್ದವು. ಹೊರಗೆ ಬಂದಾಗ ಎದೆಯೆಲ್ಲ ಕಪ್ಪು ಮಣ್ಣು. ಕಾಂಕ್ರೀಟ್ ತೊಲೆಗಳಿವೆ, ಬಿರುಕಿಲ್ಲ, ಮನೆಯ ಚೌಕಟ್ಟನ್ನು ಬೋಲ್ಟಿನಿಂದ ಅವಕ್ಕೆ ಬಿಗಿದಿದ್ದಾರೆ ಎಂದ.

"ಆದರೆ ಆ ತೊಲೆಗಳು ಯಾವುದರ ಮೇಲೆ ಕೂತಿವೆ ಅಂತ ನನಗೆ ಕಾಣೋದಿಲ್ಲ. ಕೆಳಗೆ ಕಂಬ ಇಳಿಸಿದ್ದಾರೋ, ಇಲ್ಲ ಕೆಸರಿನ ಮೇಲೆ ಹಾಗೇ ಇಟ್ಟಿದ್ದಾರೋ. ಅಗೆದರೆ ನೀರು ತುಂಬುತ್ತೆ. ನಕ್ಷೆ, ಬಿಲ್ಲು, ಫೋಟೊ, ಏನಾದರೂ ಇದೆಯಾ?"

ಒಡತಿಯ ಮಗನನ್ನು ಕೇಳಿದೆ. ಅಪ್ಪನ ಕಾಗದಗಳನ್ನೆಲ್ಲ ಅಮ್ಮ ಇದ್ದ ಮನೆ ಖಾಲಿ ಮಾಡುವಾಗ ಎಸೆದಾಯಿತು ಎಂದ. ಊರಾಡಳಿತದ ಕಚೇರಿಯ ಹಳೆಯ ಕಡತಗಳ ವಿಭಾಗ ಮುಚ್ಚಿತ್ತು. ಈಮೇಲಿಗೆ ಎಂಟು ವಾರದೊಳಗೆ ಉತ್ತರಿಸುತ್ತೇವೆ ಎಂಬ ಉತ್ತರ ಬಂತು. ನನಗೆ ಉಳಿದದ್ದು ಹದಿನೇಳು ದಿನ.

ಆ ಮಧ್ಯಾಹ್ನ ಅಬ್ಬಾ ಫೋನು ಮಾಡಿದರು. ಗೋಡೆ ತೋರಿಸು, ನೀರು ನಿಲ್ಲಿಸಿದ ಮೇಲೆ ಬಣ್ಣ ತಿರುಗಿತೋ ನೋಡೋಣ ಎಂದರು. ನಾನು ಮುಂಭಾಗವನ್ನು ತೋರಿಸಬಹುದಿತ್ತು. ಫೋನನ್ನು ತಿರುಗಿಸಿ ಹಿಂಬದಿಗೆ ನಡೆದೆ.

ಅವರು ಮುಖವನ್ನು ಫೋನಿನ ಹತ್ತಿರಕ್ಕೆ ತಂದರು. ಅಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ನಾನು ಆದದ್ದನ್ನೆಲ್ಲ ಹೇಳಿದೆ, ಗಾಳಿಯ ಮಾತು, ಕಂಬದ ಮಾತು, ಉಳಿದ ದಿನಗಳ ಮಾತು.

"ಎಷ್ಟು ತಗದಿ?"

"ಎರಡು ಕಡೆ. ಎಂಟು ಕಲ್ಲು."

"ಕಲ್ಲು ಒಡದ್ವೋ, ಮಾಲು ಬಿಡ್ತೋ?"

"ಕಲ್ಲು ಒಡದ್ವು ಅಬ್ಬಾ. ಮಾಲು ಬಿಡಲಿಲ್ಲ."

ಅವರು ತಲೆಯಾಡಿಸಿದರು. "ಹಂಗಾದ್ರ ಕೆಲಸ ಚೊಲೊ ಆಗಿತ್ತು."

ಅವರೇ ಮುಂದುವರಿಸಿದರು. "ತಪ್ಪು ನಂದು ಬೇಟಿ. ಪಾಯ ಒಂದು ದಿನ ತೆರದಿಡ್ರಿ, ಮಂದಿ ನೋಡ್ಲಿ ಅಂತ ಊರಿಗೆಲ್ಲಾ ಹೇಳಾಂವ ನಾನು. ನಿನಗ ಮಾತ್ರ ಮುಚ್ಚು ಅಂದುಬಿಟ್ಟೆ. ಯಾರೂ ನೋಡಿಲ್ಲದ ಪಾಯಕ್ಕ ಯಾರು ಹೂಂ ಅಂತಾರ? ಬ್ಯಾಂಕಿನಾಂವ ಕೇಳೂದು ಬರೋಬ್ಬರಿ ಐತಿ."

"ಈಗ ಏನ್ ಮಾಡ್ಲಿ?"

"ಮಂದಿ ಎಲ್ಲಾ ಕಡಿ ಒಂದ. ಅಷ್ಟು ರೊಕ್ಕಾ ಹಾಕಿ ಮನಿ ಕೂಡಿಸೋ ದಿನ ಮನಿಯಾಕಿ ಒಳಗ ಕುಂತಿರ್ತಾಳೇನು? ನಿಂತು ನೋಡಿರ್ತಾಳ. ಕಾಗದಾ ಕೇಳಬ್ಯಾಡ. ಆಕಿನ್ನ ಕೇಳು."

ಆರೈಕೆ ಕೇಂದ್ರದ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನೆಲಮಹಡಿಯ ಕಿಟಕಿಗಳ ಹೊರಗೆ ಒಂದೊಂದು ಕುರ್ಚಿ ಇಟ್ಟಿದ್ದರು. ಸಮಯ ಗೊತ್ತುಮಾಡಿಕೊಂಡು ಹೋದರೆ ಇಪ್ಪತ್ತು ನಿಮಿಷ, ಗಾಜಿನ ಈಚೆಯಿಂದ, ಫೋನಿನಲ್ಲಿ ಮಾತಾಡಬಹುದಿತ್ತು. ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ ಗಾಜಿನೊಳಗಿದ್ದ ಹೆಂಡತಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದ.

ಒಡತಿ ಮೊದಲಿಗಿಂತ ಸಣ್ಣಗಾಗಿದ್ದರು. ನನ್ನನ್ನು ಕಂಡು ಫೋನು ಎತ್ತಿಕೊಂಡ ಕೂಡಲೇ ಕೇಳಿದ್ದು ಒಂದೇ.

"ಒಲೆ ಮುಂದಿನ ನೆಲ ಇನ್ನೂ ತಗ್ಗುತ್ತಾ?"

"ತಗ್ಗುತ್ತೆ."

"ಸರಿಮಾಡು ಅಂತ ನನ್ನ ಗಂಡನಿಗೆ ಅವನು ಸಾಯೋವರೆಗೂ ಹೇಳಿದೆ."

ನಾನು ವಿಷಯ ಹೇಳಿದೆ. ಮನೆ ಕೂರಿಸಿದ ದಿನ ನೀವು ಅಲ್ಲಿದ್ದಿರಾ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಫೋನನ್ನು ಕುರ್ಚಿಯ ಮೇಲೆ ಬಿಟ್ಟು, ನಡೆಯಲು ಆಸರೆಯಾದ ಕೈಗಾಡಿ ತಳ್ಳಿಕೊಂಡು ಮಂಚದ ಆಚೆ ಹೋದರು. ಇಪ್ಪತ್ತು ನಿಮಿಷದಲ್ಲಿ ಒಂಬತ್ತು ಕಳೆದವು. ಬಂದಾಗ ಅವರ ಗಾಡಿಯ ಬುಟ್ಟಿಯಲ್ಲಿ ಒಂದು ಆಲ್ಬಮ್ ಇತ್ತು. ಮನೆಯಿಂದ ಅವರು ತಂದಿದ್ದ ಆಲ್ಬಮ್ ಅದೊಂದೇ ಎಂದು ಆಮೇಲೆ ತಿಳಿಯಿತು.

ಒಂದು ಫೋಟೊ ಬಿಡಿಸಿ ಗಾಜಿಗೆ ಒತ್ತಿ ಹಿಡಿದರು.

ಕಪ್ಪು ಕೆಸರಿನ ಗುಂಡಿ. ಅದರಲ್ಲಿ ಮೊಣಕಾಲು ಮುಟ್ಟುವ ನೀರು. ನೀರಿನಿಂದ ಮೇಲೆದ್ದ ಕಾಂಕ್ರೀಟ್ ಕಂಬಗಳ ಚೌಕ ತಲೆಗಳು, ಮೂರು ಸಾಲು. ಉದ್ದ ಬೂಟು ತೊಟ್ಟ ಒಬ್ಬ ಯುವಕ ಅಳತೆಪಟ್ಟಿ ಹಿಡಿದಿದ್ದ. ಅಡ್ಡ ಹಾಕಿದ ಹಲಗೆಯ ಮೇಲೆ ಕಾಫಿಯ ಪಾತ್ರೆ ಹಿಡಿದ ಒಬ್ಬ ಯುವತಿ. ಹಿಂದೆ ಹಳ್ಳಿಯ ಚರ್ಚಿನ ಗೋಪುರ, ಕಾಲುವೆಯ ಸೇತುವೆ, ಎರಡೂ ಈಗಲೂ ಹಾಗೇ ಇವೆ.

"ಹನ್ನೆರಡು," ಎಂದರು ಫೋನಿನಲ್ಲಿ. "ಗುತ್ತಿಗೆದಾರ ಕಡಿಮೆ ಹಾಕಿಯಾನು ಅಂತ ನನ್ನ ಗಂಡ ನನ್ನನ್ನು ಎಣಿಸೋಕೆ ನಿಲ್ಲಿಸಿದ್ದ. ಕಂಬ ಹೊಡೆಯೋವಾಗ ಪಕ್ಕದ ಮನೆಯವರ ಕಪ್ಪುಗಳು ಕಪಾಟಿನಿಂದ ಬಿದ್ದವು. ಕೆಳಗೆ ಗಟ್ಟಿ ನೆಲದ ಮರಳು ಸಿಕ್ಕಿದ ಮೇಲೆ ಸದ್ದೇ ಬೇರೆ ಆಗುತ್ತೆ. ಹನ್ನೆರಡು ಸಲವೂ ಕೇಳಿದ್ದೇನೆ."

ಫೋಟೊ ತಿರುಗಿಸಿದರು. ಹಿಂದೆ ಪೆನ್ಸಿಲಿನಲ್ಲಿ, ಗಂಡಸಿನ ಓರೆ ಅಕ್ಷರದಲ್ಲಿ, ಹನ್ನೆರಡು ಎಂಬ ಅಂಕಿ, ಅದರ ಮುಂದೆ "ಮರಳಿನವರೆಗೆ".

ನಾನು ಗಾಜಿನ ಮೇಲಿಂದಲೇ ಚಿತ್ರ ತೆಗೆಯಲು ಹೋದೆ. ಫೋಟೊದೊಳಗೆ ನನ್ನ ಮುಖವೇ ಪ್ರತಿಫಲಿಸಿತು. ಅವರು ಅದನ್ನು ನೋಡಿ, ಫೋಟೊವನ್ನೇ ಕೊಡುತ್ತೇನೆ ಎಂದರು. ಬೇಡ, ಇದು ನಿಮ್ಮದು ಎಂದೆ.

"ಮನೆಯ ಜೊತೆ ಇರಬೇಕಾದ್ದು," ಎಂದರು. "ಮಗ ಕೇಳಿದ್ದರೆ ಅವನಿಗೂ ಕೊಡ್ತಿದ್ದೆ. ಅವನು ಕೇಳಲಿಲ್ಲ."

ಅಲ್ಲಿನ ನಿಯಮದಂತೆ ಫೋಟೊ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನ ಬೇರೆ ಇದ್ದು, ಮರುದಿನ ದಾದಿಯೊಬ್ಬರ ಕೈಯಿಂದ ಬಾಗಿಲ ಬಳಿ ನನಗೆ ಸಿಕ್ಕಿತು. ಪರಿಶೀಲಕ ಅದನ್ನು ಬಹಳ ಹೊತ್ತು ನೋಡಿದ. ಗೋಪುರ ಮತ್ತು ಸೇತುವೆ ಯಾವ ಕೋನದಲ್ಲಿ ಕಾಣುತ್ತವೆಂದು ಅದೇ ಜಾಗದಲ್ಲಿ ನಿಂತು ಹೋಲಿಸಿದ. ಮತ್ತೊಮ್ಮೆ ಒಳಗೆ ತೆವಳಿ, ತೊಲೆಗಳ ನಡುವಿನ ಅಂತರ ಅಳೆದು ಬಂದ. ವರದಿಯ ಕೊನೆಯಲ್ಲಿ, ಕಂಬಗಳನ್ನು ನೇರವಾಗಿ ನೋಡಲಾಗಿಲ್ಲ, ಆದರೆ ಫೋಟೊ ಮತ್ತು ಅದರ ಹಿಂದಿನ ಬರಹ ಸ್ಥಳದ ಅಳತೆಗೆ ಹೊಂದುತ್ತವೆ, ಹಾಕುವುದನ್ನು ಕಂಡವರು ಇದ್ದಾರೆ ಎಂದು ಬರೆದ.

ಈದ್ ಬಂದು ಹೋಯಿತು. ನಾನು ಒಬ್ಬಳೇ ಶಾವಿಗೆ ಮಾಡಿ, ಬಸ್ ಚಾಲಕನಿಗೆ ಒಂದು ಬಟ್ಟಲು ಬೇಲಿಯ ಮೇಲಿಟ್ಟೆ. ಬ್ಯಾಂಕು ಇನ್ನೆರಡು ಪ್ರಶ್ನೆ ಕೇಳಿತು. ತಿಂಗಳು ಮುಗಿಯಲು ಮೂರು ದಿನವಿದ್ದಾಗ ಸಾಲ ಮಂಜೂರಾದ ಪತ್ರ ಬಂತು.

ಅಬ್ಬಾರಿಗೆ ಮೊದಲು ಕಳಿಸಿದ್ದು ಆ ಪತ್ರವನ್ನಲ್ಲ, ಫೋಟೊವನ್ನು. ಅವರು ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ಮಾಡಿ ನೋಡಿದರಂತೆ.

"ನೀರಾಗ ನಿಂತು ಕೆಲಸಾ ಮಾಡ್ಯಾರ," ಎಂದರು. "ಸಾಲು ಸೀದಾ ಅದಾವ. ಈ ಹೆಣ್ಣಮಗಳ ಕೈಯಾಗ ಏನದು?"

"ಕಾಫಿ. ಕೆಲಸದವರಿಗೆ."

"ಹಂಗಾ." ಅವರಿಗೆ ಸಮಾಧಾನವಾದಂತೆ ಕಂಡಿತು. "ಅವರೂ ಬಾಯಿ ಸಿಹಿ ಮಾಡಿಸ್ಯಾರ."

ಕಿತ್ತ ಎರಡು ಕಡೆಯೂ ಹೇಗೆ ಕಟ್ಟಬೇಕೆಂದು ಅವರು ಹೇಳಿದರು. ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದು ಇಟ್ಟು ಕಿಂಡಿಗಳ ಜಾಲಿಯಂತೆ ಏರಿಸಬೇಕು, ಗಾಳಿ ಆಡುತ್ತದೆ, ಇಲಿ ನುಗ್ಗುವುದಿಲ್ಲ. ಉಳಿದ ಎರಡು ಬದಿಗಳಲ್ಲೂ ಹಾಗೇ ಒಂದೊಂದು ಕಡೆ ತೆಗೆಸಿದರು. ಈ ಸಲ ನಾನು ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದೆ, ಅವರು ಉತ್ತರಿಸುವ ಮೊದಲು ಯೋಚಿಸಿದರು. ಹಿಂಬದಿಯ ಜಾಲಿಯ ಪಕ್ಕದ ಎರಡು ಬ್ಲಾಕುಗಳಿಗೆ ಬಂದಾಗ ನಿಲ್ಲಿಸಿದರು.

"ಅವಕ್ಕ ಮಾಲು ಹಾಕಬ್ಯಾಡ. ಹಂಗ ಕೂಡಿಸು. ಮುಂದ ಯಾರರ ನೋಡ್ಬೇಕಂದ್ರ ಒಡೀಬಾರದು."

ಮರುವರ್ಷ ಗದಗಿನಲ್ಲಿ ಸೋಂಕಿನ ಎರಡನೆಯ ಅಲೆ ಬಂದಾಗ ಅಬ್ಬಾ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬಂದರು. ಉಸಿರು ಮಾತ್ರ ಮೊದಲಿನಂತಾಗಲಿಲ್ಲ. ನಲವತ್ತು ವರ್ಷ ಸಿಮೆಂಟಿನ ಧೂಳು ಕುಡಿದ ಎದೆ ಅದು. ವಿಮಾನ ಹತ್ತಿ ನನ್ನ ಮನೆ ನೋಡಲು ಅವರು ಬರುವ ಮಾತು ಅಲ್ಲಿಗೆ ನಿಂತಿತು. ಒಡತಿ ಅದಕ್ಕಿಂತ ಮೊದಲೇ, ಆ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಂತ್ಯಕ್ರಿಯೆಗೆ ಐವತ್ತು ಜನರಿಗಷ್ಟೇ ಅನುಮತಿ ಇತ್ತು. ನಾನು ಆ ಪಟ್ಟಿಯಲ್ಲಿ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಆ ದಿನ ಫೋಟೊವನ್ನು ಅಡುಗೆಮನೆಯ ಗೋಡೆಗೆ, ತಗ್ಗುವ ನೆಲದ ಎದುರಿಗೆ ಹಾಕಿದೆ. ನೆಲವನ್ನು ನಾನೂ ಸರಿಮಾಡಿಸಿಲ್ಲ.

ಆಸ್ಪತ್ರೆಯಿಂದ ಬಂದ ತಿಂಗಳು ಅಬ್ಬಾ ಕೇಳಿದ ಮೊದಲ ಕೆಲಸದ ಮಾತು ಅದೇ: ಬುಡ ತೋರ್ಸು. ನಾನು ಹಿಂಬದಿಗೆ ಹೋಗಿ ಸಿಮೆಂಟಿಲ್ಲದ ಎರಡು ಬ್ಲಾಕುಗಳನ್ನು ಈಚೆ ಎಳೆದು, ಹೊಟ್ಟೆಯ ಮೇಲೆ ಮಲಗಿ, ಫೋನನ್ನೂ ಬ್ಯಾಟರಿಯನ್ನೂ ಒಳಗೆ ಮರದ ತೊಲೆಗಳತ್ತ ಚಾಚಿದೆ. ತಂಪು ಗಾಳಿ ಮುಖಕ್ಕೆ ಬಡಿಯಿತು.

"ಮನಿ ತೋರ್ಸು ಅಂದ್ರ ಮನಿ ಬುಡಾ ತೋರಸ್ತಾಳ ನಿಮ್ಮ ಮಗಳು," ಎಂದರು ಅಮ್ಮಿ ಹಿಂದಿನಿಂದ. "ಕಿಡಕಿಗೆ ಪಡದೆ ಯಾವ ಬಣ್ಣದ್ದು ಹಾಕ್ಯಾಳ, ಅದನ್ನ ಇನ್ನೂ ನಾ ನೋಡಿಲ್ಲ."

"ಸುಮ್ಕಿರು," ಎಂದರು ಅಬ್ಬಾ. ಒಂದೊಂದು ಮಾತಿಗೂ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. "ಬಲಕ್ಕ ಹಿಡಿ. ಇನ್ನಷ್ಟು. ಅಲ್ಲೇ ನಿಲ್ಲು."

ಅವರು ಸಾಕು ಎನ್ನುವವರೆಗೆ ಹಾಗೇ ಹಿಡಿದಿದ್ದೆ.

"ಒಣಗೈತಿ," ಎಂದರು.